ಹೊರದೇಶದಲ್ಲಿ ಹುಟ್ಟಿದ ಮೊಮ್ಮಗು ಯಾವ ದೇಶದ್ದು? ತಿಳಿದವರು ದಯವಿಟ್ಟು ಹೇಳಿ

ಹೊಸನಗರ ತೋಟದಮನೆ:

ಎಲ್ಲರಿಗೂ ನಮಸ್ಕಾರ. ಮಗಳು, ಅಳಿಯ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. 2022ರಲ್ಲಿ ಕೆಲಸಕ್ಕೆ ಹೋದವರು. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಕಳೆದ ತಿಂಗಳು, ಅಂದರೆ 2025ರ ನವೆಂಬರ್‌ನಲ್ಲಿ, ಹೆಣ್ಣು ಮಗು ಆಯಿತು. ಅದಕ್ಕೆ ಸ್ವಲ್ಪ ಮುಂಚೆ ನನ್ನ ತಂಗಿಯ ಮಗನಿಗೆ ಅಮೆರಿಕದಲ್ಲಿ ಗಂಡು ಮಗು ಆಗಿದೆ. ಅವನದು ಎಚ್-1ಬಿ, ಅಂದರೆ ಕೆಲಸದ ವೀಸಾ. ಹೆಂಡತಿಯದು ಎಚ್-4, ಅಂಥವರ ಸಂಸಾರಕ್ಕೆ ಕೊಡುವ ವೀಸಾ.

ಈಗ ಅಡಿಕೆ ಕೊಯ್ಲು ನಡೆಯುತ್ತಿದೆ. ಮನೆಗೆ ಬಂದವರೆಲ್ಲ ಇದೇ ಮಾತು. ಒಬ್ಬರು, ಅಲ್ಲಿ ಹುಟ್ಟಿದ ಮೇಲೆ ಎರಡೂ ಮಕ್ಕಳು ಅಲ್ಲಿನವೇ ಅನ್ನುತ್ತಾರೆ. ಇನ್ನೊಬ್ಬರು, ಅಪ್ಪ ಅಮ್ಮ ಭಾರತದವರಾದ ಮೇಲೆ ಮಕ್ಕಳೂ ತಾನಾಗಿಯೇ ಭಾರತದವರು, ಏನೂ ಮಾಡಬೇಕಾಗಿಲ್ಲ ಅನ್ನುತ್ತಾರೆ. ಮಗಳು ಫೆಬ್ರವರಿಯಲ್ಲಿ ಮಗುವನ್ನು ಊರಿಗೆ ಕರೆದುಕೊಂಡು ಬರಬೇಕೆಂದಿದ್ದಾಳೆ.

ಇನ್ನೊಂದು ಚಿಂತೆ ಇದೆ. ನಮಗೆ ಇರುವುದು ಒಬ್ಬಳೇ ಮಗಳು. ಮುಂದೆ ಅವಳೋ ಮೊಮ್ಮಗಳೋ ಬೇರೆ ದೇಶದವರಾದರೆ ಈ ತೋಟ ಅವರಿಗೆ ಸಿಗುತ್ತದೆಯೇ? ಸರಿಯಾಗಿ ಗೊತ್ತಿರುವವರು ಮಾತ್ರ ಹೇಳಿ.

ಭದ್ರಾವತಿ ಹಳೇನಗರ:

ಅಭಿನಂದನೆ ರಾಯರೇ. ನನಗೆ ತಿಳಿದಂತೆ ಹುಟ್ಟಿದ ನೆಲವೇ ಮುಖ್ಯ. ನಮ್ಮ ದೇಶದಲ್ಲಿ ಹುಟ್ಟಿದವರೆಲ್ಲ ಭಾರತೀಯರೇ ಅಲ್ವಾ? ಹಾಗೆಯೇ ಅಲ್ಲಿ ಹುಟ್ಟಿದವರು ಅಲ್ಲಿಯವರು.

ಸಾಗರದ ವಕೀಲ:

ಭದ್ರಾವತಿಯವರೇ, ಹಾಗಲ್ಲ. ಒಂದು ಕಾಲದಲ್ಲಿ ಹಾಗಿತ್ತು. ಈಗ ಇಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲಿಯೇ.

ನಮ್ಮ ಪೌರತ್ವ ಕಾಯ್ದೆ 1955ರದ್ದು. ಅದರ 3ನೇ ಕಲಂ ಭಾರತದೊಳಗೆ ಹುಟ್ಟಿದವರದ್ದು. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದ ಮಗುವಿನ ಅಪ್ಪ ಅಮ್ಮ ಯಾರು ಅಂತ ಕಾನೂನು ಕೇಳುತ್ತಲೇ ಇರಲಿಲ್ಲ. ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ ಉಳಿದವರೆಲ್ಲ ಪೌರರೇ. ಅಕ್ರಮ ವಲಸೆಯ ವಿರುದ್ಧ ಅಸ್ಸಾಂ ಚಳವಳಿ ಆಯಿತು, 1985ರಲ್ಲಿ ಒಪ್ಪಂದ ಆಯಿತು, 1986ರಲ್ಲಿ ತಿದ್ದುಪಡಿ ಬಂತು. 1987ರ ಜುಲೈ 1ರಿಂದ ಹುಟ್ಟಿದವರಿಗೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಭಾರತದ ಪೌರರಾಗಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ. ಇಬ್ಬರೂ ಪೌರರಾಗಿರಬೇಕು. ಇಲ್ಲವೇ ಒಬ್ಬರು ಪೌರರಾಗಿದ್ದು, ಇನ್ನೊಬ್ಬರು ಅಕ್ರಮ ವಲಸಿಗರಲ್ಲದಿದ್ದರೆ ಸಾಕು.

ಈಗ ತೋಟದಮನೆಯವರ ಪ್ರಶ್ನೆ. ಹೊರಗೆ ಹುಟ್ಟಿದವರದ್ದು 4ನೇ ಕಲಂ. 1992ರ ಡಿಸೆಂಬರ್ 10ರವರೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಅಪ್ಪನ ಕಡೆಯಿಂದ ಮಾತ್ರ ಪೌರತ್ವ ಬರುತ್ತಿತ್ತು. ಅಮ್ಮ ಭಾರತದವಳು, ಅಪ್ಪ ಬೇರೆಯವನು ಅಂದರೆ ಮಗುವಿಗೆ ಇಲ್ಲ. ಆಮೇಲೆ ಇಬ್ಬರಲ್ಲಿ ಯಾರ ಕಡೆಯಿಂದಲಾದರೂ ಬರಬಹುದು ಎಂದು ಸರಿ ಮಾಡಿದರು. ಆದರೆ 2004ರ ಡಿಸೆಂಬರ್ 3ರ ನಂತರ ಒಂದು ಷರತ್ತು ಸೇರಿತು. ಮಗು ಹುಟ್ಟಿದ ಒಂದು ವರ್ಷದೊಳಗೆ ಆ ದೇಶದ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಆಗಲೇಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ ಅಮ್ಮ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಹಾಗಾಗಿ "ತಾನಾಗಿಯೇ ಭಾರತದವರು" ಅಂದ ನಿಮ್ಮ ನೆಂಟರ ಮಾತು ಕೇಳಿ ಸುಮ್ನೆ ಕೂರಬೇಡಿ. ನಿಮ್ಮ ಮೊಮ್ಮಗಳಿಗೆ ಬರುವ ನವೆಂಬರ್‌ವರೆಗೆ ಸಮಯ ಇದೆ, ಆದರೆ ಅಲ್ಲಿಯವರೆಗೆ ಕಾಯುವುದು ಬೇಡ.

ಸ್ಟುಟ್‌ಗಾರ್ಟ್ ಹತ್ತಿರದ ಶಿವಮೊಗ್ಗದವಳು:

ಅಂಕಲ್, ನಾನೂ ಅದೇ ಕಡೆ ಇದ್ದೇನೆ. ನಮ್ಮ ಮಗನೂ ಇಲ್ಲಿಯೇ ಹುಟ್ಟಿದ್ದು. ವಕೀಲರು ಭಾರತದ ಕಡೆಯದು ಹೇಳಿದರು, ಜರ್ಮನಿಯ ಕಡೆಯದು ನಾನು ಹೇಳುತ್ತೇನೆ.

ಇಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಜರ್ಮನ್ ಆಗುವುದಿಲ್ಲ. 2000ದ ಜನವರಿ 1ಕ್ಕೆ ಮುಂಚೆ ಹೊರಗಿನಿಂದ ಬಂದವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವ ಇರಲೇ ಇಲ್ಲ. ಟರ್ಕಿಯಿಂದ ದುಡಿಯಲು ಬಂದವರ ಮಕ್ಕಳು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ವಿದೇಶಿಯರಾಗಿಯೇ ಉಳಿದಿದ್ದರು. 2000ದಿಂದ ಅಪ್ಪ ಅಮ್ಮರಲ್ಲಿ ಒಬ್ಬರು ಎಂಟು ವರ್ಷ ಕಾನೂನುಬದ್ಧವಾಗಿ ಇಲ್ಲಿದ್ದು, ಕಾಯಂ ವಾಸದ ಹಕ್ಕು ಪಡೆದಿದ್ದರೆ ಮಗು ಜರ್ಮನ್. 2024ರ ಜೂನ್ 27ರಿಂದ ಎಂಟನ್ನು ಐದಕ್ಕೆ ಇಳಿಸಿದ್ದಾರೆ. ನಿಮ್ಮ ಮಗಳು 2022ರಲ್ಲಿ ಬಂದವರು. ಮಗು ಹುಟ್ಟಿದ ದಿನಕ್ಕೆ ಐದು ವರ್ಷ ಆಗಿಲ್ಲ. ಹಾಗಾಗಿ ಮಗು ಜರ್ಮನ್ ಅಲ್ಲ.

ಇದು ಗಂಭೀರ ವಿಷಯ ಅಂಕಲ್. ಜರ್ಮನಿ ಕೊಟ್ಟಿಲ್ಲ. ಭಾರತದ ನೋಂದಣಿಯನ್ನೂ ಮಾಡಿಸದೆ ಬಿಟ್ಟರೆ ಆ ಕೂಸು ಯಾವ ದೇಶದ್ದೂ ಅಲ್ಲದ ಹಾಗೆ ಆಗಿಬಿಡುತ್ತದೆ.

ಮಗಳಿಗೆ ಹೇಳಿ: ಹುಟ್ಟಿದ ಊರಿನ ಜನನ ಕಚೇರಿಯಿಂದ ಅಂತರರಾಷ್ಟ್ರೀಯ ನಮೂನೆಯ ಜನನ ಪತ್ರ ಕೇಳಿ ತೆಗೆದುಕೊಳ್ಳಬೇಕು. ಅದರಲ್ಲಿ ಇಂಗ್ಲಿಷ್ ಕೂಡ ಇರುತ್ತದೆ. ಸ್ಟುಟ್‌ಗಾರ್ಟ್ ಕಡೆಯವರಿಗೆ ಮ್ಯೂನಿಕ್‌ನ ಭಾರತೀಯ ದೂತಾವಾಸ. ಅಲ್ಲಿ ಜನನ ನೋಂದಣಿ, ಮಗುವಿನ ಪಾಸ್‌ಪೋರ್ಟ್ ಎರಡಕ್ಕೂ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಬಂದ ಮೇಲೆ ಇಲ್ಲಿಯ ವಿದೇಶಿಯರ ಕಚೇರಿಯಲ್ಲಿ ಮಗುವಿಗೆ ವಾಸದ ಪರವಾನಗಿ. ಆ ಅರ್ಜಿ ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು. ಪರವಾನಗಿ ಕೈಗೆ ಬರುವ ಮೊದಲು ಊರಿಗೆ ಹೊರಟರೆ ವಾಪಸ್ ಬರುವಾಗ ಕಷ್ಟ. ಫೆಬ್ರವರಿ ಟಿಕೆಟ್ ಇನ್ನೂ ಬುಕ್ ಮಾಡಿಲ್ಲ ಅಂದುಕೊಳ್ಳುತ್ತೇನೆ.

ಹೊಸನಗರ ತೋಟದಮನೆ:

ತುಂಬಾ ಉಪಕಾರ ಆಯಿತು ಮಗಳೇ. ಟಿಕೆಟ್ ಮಾಡಿಲ್ಲ. ಇವತ್ತೇ ರಾತ್ರಿ ಅವಳಿಗೆ ಇದನ್ನೆಲ್ಲ ಓದಿ ಹೇಳುತ್ತೇನೆ. ತಂಗಿಯ ಮೊಮ್ಮಗನ ವಿಷಯ ಯಾರಾದರೂ ಹೇಳಬಹುದೇ? ಟಿವಿಯಲ್ಲಿ ಅಮೆರಿಕದ ಸುದ್ದಿ ಕೇಳಿ ಅವಳಿಗೆ ನಿದ್ದೆ ಇಲ್ಲ.

ಡಲ್ಲಾಸ್‌ನಲ್ಲಿರುವ ತೀರ್ಥಹಳ್ಳಿ:

ನಾನು ಹೇಳುತ್ತೇನೆ. ನಾನೂ ಎಚ್-1ಬಿ. ಮಗಳು ಇಲ್ಲಿಯೇ ಹುಟ್ಟಿದ್ದು.

ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ 1868ರದ್ದು. ಅಂತರ್ಯುದ್ಧ ಮುಗಿದ ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಪೌರತ್ವವನ್ನು ಮತ್ತೆ ಯಾರೂ ಕಿತ್ತುಕೊಳ್ಳಬಾರದು ಎಂದು ತಂದದ್ದು. ಈ ನೆಲದಲ್ಲಿ ಹುಟ್ಟಿ ಇಲ್ಲಿಯ ಕಾನೂನಿಗೆ ಒಳಪಟ್ಟವರೆಲ್ಲ ಇಲ್ಲಿಯ ಪೌರರು ಎನ್ನುತ್ತದೆ ಅದು. ಇದು ವಲಸಿಗರ ಮಕ್ಕಳಿಗೂ ಸಲ್ಲುತ್ತದೆಯೇ ಎಂಬ ಪ್ರಶ್ನೆ 1898ರಲ್ಲಿ ತೀರ್ಮಾನವಾಯಿತು. ವಾಂಗ್ ಕಿಮ್ ಆರ್ಕ್ ಎಂಬವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದವರು. ಆಗ ಚೀನೀಯರು ಅಮೆರಿಕದ ಪೌರತ್ವ ಪಡೆಯುವಂತಿರಲಿಲ್ಲ. ಚೀನಾಕ್ಕೆ ಹೋಗಿ 1895ರಲ್ಲಿ ವಾಪಸ್ ಬಂದಾಗ ಹಡಗಿನಿಂದ ಇಳಿಯಲು ಬಿಡಲಿಲ್ಲ. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋರಾಡಿ ಗೆದ್ದರು. ಅಂದಿನಿಂದ ಅದೇ ನಿಯಮ.

ನಮ್ಮವರಿಗೂ ಇದು ಹಿಂದೆ ಕೈ ಹಿಡಿದಿದೆ. 1923ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಎಂಬವರ ಪ್ರಕರಣದಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಆಗ ಕ್ಯಾಲಿಫೋರ್ನಿಯಾದಲ್ಲಿ ಪಂಜಾಬಿನ ರೈತರು ಬೇಸಾಯ ಮಾಡುತ್ತಿದ್ದರು. ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಹೊಂದುವ ಹಾಗಿಲ್ಲ ಎಂಬ ಕಾನೂನು ಆ ರಾಜ್ಯದಲ್ಲಿತ್ತು. ಆದರೆ ಅವರ ಮಕ್ಕಳು ಅಲ್ಲಿ ಹುಟ್ಟಿದ್ದರಿಂದ ಪೌರರು. ಕೆಲವರು ಮಕ್ಕಳ ಹೆಸರಿನಲ್ಲಿ ಜಮೀನು ಇಟ್ಟು ಹೊಟ್ಟೆ ಹೊರೆದರು. ಭಾರತೀಯರೂ ಪೌರತ್ವ ಪಡೆಯುವ ಹಾಗೆ 1946ರಲ್ಲಿ ಕಾನೂನು ಬದಲಾಗುವವರೆಗೂ ಹೀಗೆಯೇ ಇತ್ತು. ತೋಟ ಇರುವ ಮನೆಯವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಈಗಿನ ಗಲಾಟೆ ಏನೆಂದರೆ, 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಒಂದು ಆದೇಶ ಹೊರಡಿಸಿದರು. ಫೆಬ್ರವರಿ 19ರ ನಂತರ ಹುಟ್ಟುವ ಮಕ್ಕಳ ತಾಯಿ ಅಕ್ರಮವಾಗಿ ಇದ್ದರೆ ಅಥವಾ ತಾತ್ಕಾಲಿಕ ವೀಸಾದಲ್ಲಿದ್ದರೆ, ಮತ್ತು ತಂದೆ ಪೌರನೂ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಉಳ್ಳವನೂ ಅಲ್ಲದಿದ್ದರೆ, ಆ ಮಗುವನ್ನು ಪೌರ ಎಂದು ಒಪ್ಪಬಾರದು ಎಂದು. ಎಚ್-1ಬಿ, ಎಚ್-4 ಎಲ್ಲ ಇದರೊಳಗೆ ಬರುತ್ತವೆ. ಆದರೆ ಕೋರ್ಟ್‌ಗಳು ಇದನ್ನು ಜಾರಿಯಾಗಲು ಬಿಟ್ಟಿಲ್ಲ. ಇದೇ 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಂಡಿದೆ. ಇವತ್ತಿನ ಮಟ್ಟಿಗೆ ನಿಮ್ಮ ತಂಗಿಯ ಮೊಮ್ಮಗ ಅಮೆರಿಕದ ಪೌರ. ಜನನ ಪತ್ರ, ಪಾಸ್‌ಪೋರ್ಟ್ ಈಗಲೇ ಮಾಡಿಸಿ ಇಟ್ಟುಕೊಳ್ಳಲಿ. ಮಗು ಹುಟ್ಟಿದ ದಿನ ಅಪ್ಪ ಅಮ್ಮರಿಬ್ಬರಿಗೂ ಇದ್ದ ವೀಸಾದ ಕಾಗದಗಳನ್ನೂ ಜೋಪಾನ ಮಾಡಲಿ.

ಶಿವಮೊಗ್ಗ ಗಾಂಧಿಬಜಾರ್:

ಒಂದು ಮಾತು. ಅಮೆರಿಕದವರು ಕೇಳುತ್ತಿರುವುದು ತಪ್ಪಾ? ನಮ್ಮ ದೇಶವೇ 1987ರಲ್ಲಿ, 2004ರಲ್ಲಿ ಬಿಗಿ ಮಾಡಿಕೊಂಡಿದೆ. ಹುಟ್ಟಿದವರಿಗೆಲ್ಲ ಪೌರತ್ವ ಕೊಡುವುದನ್ನು ಬ್ರಿಟನ್ 1983ರಲ್ಲಿ ನಿಲ್ಲಿಸಿತು. ಐರ್ಲೆಂಡ್ 2004ರಲ್ಲಿ ಜನಮತ ತೆಗೆದುಕೊಂಡು ನಿಲ್ಲಿಸಿತು. ನಾವು ನಮ್ಮ ಮನೆಗೆ ಬೇಲಿ ಹಾಕಿಕೊಂಡು ಪಕ್ಕದವರು ಹಾಕಬಾರದು ಅನ್ನುವುದು ನ್ಯಾಯ ಅಲ್ಲ.

ಡಲ್ಲಾಸ್‌ನಲ್ಲಿರುವ ತೀರ್ಥಹಳ್ಳಿ:

ಗಾಂಧಿಬಜಾರ್‌ನವರೇ, ದೇಶ ಕಾನೂನು ಬದಲಿಸಬಾರದು ಎಂದು ನಾನು ಹೇಳುವುದಿಲ್ಲ. ಐರ್ಲೆಂಡ್ ಜನರನ್ನು ಕೇಳಿ ಸಂವಿಧಾನ ತಿದ್ದಿತು. ಭಾರತ ಸಂಸತ್ತಿನಲ್ಲಿ ತಿದ್ದಿತು. ಇಲ್ಲಿ ಸಂವಿಧಾನದಲ್ಲಿ ಬರೆದದ್ದನ್ನು ಒಂದು ಸಹಿಯಿಂದ ಬದಲಿಸಲು ಹೊರಟಿದ್ದಾರೆ. ಅದಕ್ಕೇ ನನ್ನ ತಕರಾರು. ಇನ್ನೊಂದು, ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತೀಯರು ದಶಕಗಳಿಂದ ನಿಂತಿದ್ದಾರೆ. ನಮ್ಮನ್ನು ತಾತ್ಕಾಲಿಕ ಅನ್ನುವುದು ಕಾಗದದಲ್ಲಿ ಮಾತ್ರ. ಮನೆ, ಸಾಲ, ತೆರಿಗೆ, ಮಕ್ಕಳ ಶಾಲೆ ಎಲ್ಲ ಇಲ್ಲಿಯೇ.

ಇದೇ ಸಾಲಿನ ಇನ್ನೊಂದು ನೋವು ಊರಿನವರಿಗೆ ಗೊತ್ತಿಲ್ಲ. ತೀರ್ಥಹಳ್ಳಿಯಲ್ಲೇ ಹುಟ್ಟಿ ಎರಡು ವರ್ಷಕ್ಕೆ ಎಚ್-4ನಲ್ಲಿ ಇಲ್ಲಿಗೆ ಬಂದ ಮಗುವನ್ನು ನೆನೆಸಿಕೊಳ್ಳಿ. 18 ತುಂಬುವ ಮೊದಲು ಮಗುವಿಗೆ ಗ್ರೀನ್ ಕಾರ್ಡ್ ಬಂದು, ಜೊತೆಗಿರುವ ಅಪ್ಪ ಅಥವಾ ಅಮ್ಮ ಪೌರರಾದರೆ ಮಗು ತಾನಾಗಿಯೇ ಪೌರ ಆಗುತ್ತದೆ. 2001ರ ಫೆಬ್ರವರಿಯಿಂದ ಈ ಕಾನೂನು ಇದೆ. ಸಾಲು ಅಷ್ಟರಲ್ಲಿ ಮುಗಿಯದಿದ್ದರೆ 21ಕ್ಕೆ ಆ ಹುಡುಗ ಅಪ್ಪನ ವೀಸಾದಿಂದ ಹೊರಗೆ. ಅದೇ ಮನೆಯಲ್ಲಿ ಇಲ್ಲಿ ಹುಟ್ಟಿದ ತಮ್ಮನಿಗೆ ಯಾವ ತೊಂದರೆಯೂ ಇಲ್ಲ.

ಮುಂಡಗೋಡದ ಮೇಷ್ಟ್ರು:

ಒಂದೇ ಮನೆಯ ಅಣ್ಣ ತಮ್ಮಂದಿರು ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಮುಂಡಗೋಡದ ಟಿಬೆಟನ್ ನಿರಾಶ್ರಿತರ ಕ್ಯಾಂಪಿಗೆ ಬನ್ನಿ.

1966ರಲ್ಲಿ ಇಲ್ಲಿ ಕಾಡು ಕಡಿದು ಅವರಿಗೆ ಜಾಗ ಕೊಟ್ಟರು. ಬಂದವರಿಗೆ ಮಕ್ಕಳಾದವು, ಮೊಮ್ಮಕ್ಕಳಾದವು. ಒಂದು ಮನೆಯಲ್ಲಿ ಅಣ್ಣ 1987ರ ಮೇ ತಿಂಗಳಲ್ಲಿ, ತಂಗಿ 1989ರಲ್ಲಿ ಹುಟ್ಟಿದ್ದಾರೆ ಅಂದುಕೊಳ್ಳಿ. ಅಪ್ಪ ಅಮ್ಮ ಇಬ್ಬರೂ ಟಿಬೆಟ್‌ನಿಂದ ಬಂದವರು. ಅಣ್ಣ ಹುಟ್ಟಿನಿಂದಲೇ ಭಾರತದ ಪೌರ. ತಂಗಿ ಅಲ್ಲ. ಒಂದೇ ಒಲೆಯ ಊಟ, ಒಂದೇ ಶಾಲೆ. ಅವಳ ಕೈಯಲ್ಲಿ ವಿದೇಶಿಯರ ನೋಂದಣಿ ಪತ್ರ. ಅದನ್ನು ಇಲ್ಲಿ ಎಲ್ಲರೂ ಆರ್‌ಸಿ ಅನ್ನುತ್ತಾರೆ. ಹೊರದೇಶಕ್ಕೆ ಹೋಗಲು ಹಳದಿ ಬಣ್ಣದ ಗುರುತಿನ ಪುಸ್ತಕ ಬೇಕು.

ಅಣ್ಣನ ಹಕ್ಕನ್ನು ಕೂಡ ಬಹಳ ಕಾಲ ಒಪ್ಪಿರಲಿಲ್ಲ. 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, 1987ರ ಜುಲೈಗೆ ಮುಂಚೆ ಭಾರತದಲ್ಲಿ ಹುಟ್ಟಿದ ಟಿಬೆಟನ್ ಮಹಿಳೆಗೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ, ಅವರು ಹುಟ್ಟಿನಿಂದ ಪೌರರು ಎಂದಿತು. 2016ರಲ್ಲಿ ಅದೇ ಕೋರ್ಟ್ ಮತ್ತೆ ಹೇಳಬೇಕಾಯಿತು. ಮತದಾರರ ಪಟ್ಟಿಗೆ ಸೇರಿಸಿ ಎಂದು ಚುನಾವಣಾ ಆಯೋಗ 2014ರಲ್ಲಿ ಸೂಚನೆ ಕೊಟ್ಟಿತು. ಆದರೂ ಎಲ್ಲರೂ ಪಾಸ್‌ಪೋರ್ಟ್‌ಗೆ ಹೋಗಿಲ್ಲ. ಊರಿಗೆ ಮರಳುವ ಆಸೆ ಬಿಟ್ಟ ಹಾಗಾಗುತ್ತದೆ ಎಂದು ಹಿರಿಯರಿಗೆ ಅಳುಕು. ಅವರ ಮನಸ್ಸನ್ನು ನಾನು ಗೌರವಿಸುತ್ತೇನೆ.

ಇನ್ನು ಮುಂದಿನ ತಲೆಮಾರು. ಆ ಅಣ್ಣ ಪೌರನಾದ್ದರಿಂದ ಅವನ ಮಗುವಿಗೂ ದಾರಿ ಇದೆ. ತಾಯಿ ಅಕ್ರಮ ವಲಸಿಗಳಲ್ಲದಿದ್ದರೆ ಮಗು ಪೌರ. ತಂಗಿ ಪೌರಳಲ್ಲದ ಟಿಬೆಟನ್‌ನನ್ನೇ ಮದುವೆಯಾದರೆ ಅವಳ ಮಗುವಿಗೆ ಹುಟ್ಟಿನಿಂದ ಬರುವುದಿಲ್ಲ. ಆ ಎರಡೂ ಮಕ್ಕಳಿಗೆ ಅಜ್ಜ ಅಜ್ಜಿ ಅವರೇ. ಇಂಥ ಮಕ್ಕಳು ಕನ್ನಡದಲ್ಲಿ ಪ್ರಬಂಧ ಬರೆದು ಬಹುಮಾನ ತೆಗೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಕಾನೂನು ಒಂದು ತಾರೀಖು ಹಾಕಲೇಬೇಕು, ಒಪ್ಪುತ್ತೇನೆ. ಆದರೆ ಇಲ್ಲಿಯೇ ಹುಟ್ಟಿ ಬೆಳೆದ ಮಗುವಿಗೆ ಮುಂದೆ ಒಂದು ಬಾಗಿಲು ಇಡಬೇಕಿತ್ತು.

ಮೆಲ್ಬರ್ನ್ ಸೊರಬ:

ಮೇಷ್ಟ್ರೇ, ನೀವು ಹೇಳಿದ ಬಾಗಿಲು ಇಲ್ಲಿ ಇದೆ. ಆಸ್ಟ್ರೇಲಿಯಾ 1986ರ ಆಗಸ್ಟ್ 20ರಿಂದ, ಹುಟ್ಟಿದ ನೆಲದಿಂದಲೇ ಪೌರತ್ವ ಕೊಡುವುದನ್ನು ನಿಲ್ಲಿಸಿತು. ಅಪ್ಪ ಅಮ್ಮರಲ್ಲಿ ಒಬ್ಬರು ಪೌರರೋ ಕಾಯಂ ನಿವಾಸಿಯೋ ಆಗಿರಬೇಕು. ಆದರೆ ಇಲ್ಲಿ ಹುಟ್ಟಿ, ಹತ್ತು ವರ್ಷ ತುಂಬುವವರೆಗೆ ಇಲ್ಲಿಯೇ ಬೆಳೆದ ಮಗು ಹತ್ತನೇ ಹುಟ್ಟುಹಬ್ಬಕ್ಕೆ ಪೌರ ಆಗುತ್ತದೆ. ಬ್ರಿಟನ್‌ನಲ್ಲೂ ಮೊದಲ ಹತ್ತು ವರ್ಷ ಅಲ್ಲಿಯೇ ಬೆಳೆದ ಮಗುವಿಗೆ ಅರ್ಜಿ ಹಾಕಿ ಪಡೆಯುವ ಹಕ್ಕಿದೆ.

ಶಿಕಾರಿಪುರ ದುಬೈ:

ನಮ್ಮ ಕಡೆ ಆ ಆಸೆಯೇ ಇಲ್ಲ. ಇಲ್ಲಿ ಹುಟ್ಟಿದರೂ, ಇಪ್ಪತ್ತು ವರ್ಷ ಇದ್ದರೂ ಮಗು ಭಾರತದ್ದೇ. ಹಾಗಾಗಿ ದೂತಾವಾಸದ ನೋಂದಣಿಯನ್ನು ಯಾರೂ ಮರೆಯುವುದಿಲ್ಲ. ಯುರೋಪಿನಲ್ಲಿ ಇರುವವರೇ ಅಲ್ಲಿಯದು ಸಿಕ್ಕಿರುತ್ತದೆ ಅಂದುಕೊಂಡು ತಡ ಮಾಡುತ್ತಾರೆ.

ಕೊಪ್ಪ ಅಂಗನವಾಡಿ:

ನನ್ನದು ಸ್ವಲ್ಪ ಬೇರೆ ವಿಷಯ, ಆದರೂ ಹತ್ತಿರದ್ದು. ನಮ್ಮ ಕಡೆ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯ ಕೆಲಸದವರು ತುಂಬಾ ಇದ್ದಾರೆ. ಹೆರಿಗೆ ಇಲ್ಲಿಯೇ ಆಗುತ್ತದೆ. ಜನನ ಪತ್ರ ಮಾಡಿಸಿ ಅಂದರೆ ಕೆಲವರು, "ಅಕ್ಕ, ಅವರಿಗೆ ಪತ್ರ ಕೊಟ್ಟರೆ ಪೌರತ್ವ ಕೊಟ್ಟ ಹಾಗಾಗುತ್ತದೆ, ಬಿಡಿ" ಅನ್ನುತ್ತಾರೆ. ವಕೀಲರು ಇದಕ್ಕೆ ಉತ್ತರ ಹೇಳಬೇಕು.

ಸಾಗರದ ವಕೀಲ:

ಅಕ್ಕ, ನೀವು ಮಾಡುತ್ತಿರುವುದೇ ಸರಿ. 1969ರ ಕಾಯ್ದೆಯ ಪ್ರಕಾರ ಈ ನೆಲದಲ್ಲಿ ಆದ ಪ್ರತಿಯೊಂದು ಜನನವೂ ನೋಂದಣಿ ಆಗಬೇಕು. ಅಪ್ಪ ಅಮ್ಮ ಯಾವ ಊರು, ಯಾವ ದೇಶ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. 21 ದಿನದೊಳಗೆ ಸುಲಭವಾಗಿ ಆಗುತ್ತದೆ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ. ಆ ಪತ್ರ ಹೇಳುವುದು ಎಲ್ಲಿ, ಯಾವಾಗ ಹುಟ್ಟಿತು, ಅಪ್ಪ ಅಮ್ಮ ಯಾರು ಎಂಬುದನ್ನು ಮಾತ್ರ. 2004ರ ನಂತರ ಹುಟ್ಟಿದವರಿಗೆ ಅದೊಂದರಿಂದಲೇ ಪೌರತ್ವ ಬರುವುದಿಲ್ಲ. ಆದರೆ ಅದಿಲ್ಲದೆ ಹೋದರೆ ನಿಜವಾದ ಭಾರತೀಯ ಮಗುವೂ ತನ್ನ ಪೌರತ್ವ ತೋರಿಸಲು ಪರದಾಡುತ್ತದೆ. ಅಸ್ಸಾಮಿನಿಂದ ಬಂದವರು ನಮ್ಮ ದೇಶದವರೇ, ಬೇರೆ ರಾಜ್ಯದಲ್ಲಿ ಹುಟ್ಟಿದ ಮಗುವಿಗೆ ಈ ಪತ್ರ ಇನ್ನೂ ಜಾಸ್ತಿ ಬೇಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗಂತೂ ಶಾಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನ, ಸ್ಥಳ ತೋರಿಸಲು ಇದೇ ದಾಖಲೆ. ಲೈನ್ ಮನೆಯಲ್ಲೇ ಹೆರಿಗೆ ಆದವರನ್ನು ದಯವಿಟ್ಟು ಬಿಡಬೇಡಿ.

ಹೊಸನಗರ ತೋಟದಮನೆ:

ಎಲ್ಲರ ಮಾತೂ ಓದಿದೆ. ಮುಂಡಗೋಡದ ಮೇಷ್ಟ್ರು ಬರೆದದ್ದು ಮನಸ್ಸಿಗೆ ತಟ್ಟಿತು. ವಕೀಲರೇ, ತೋಟದ ಪ್ರಶ್ನೆ ಉಳಿಯಿತು. ಮಗಳು ಮುಂದೆ ಜರ್ಮನ್ ಪೌರತ್ವ ತೆಗೆದುಕೊಂಡರೆ?

ಸಾಗರದ ವಕೀಲ:

ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಇಟ್ಟುಕೊಳ್ಳಲು ಬಿಡುತ್ತದೆ. ಭಾರತ ಬಿಡುವುದಿಲ್ಲ. ಮಗಳು ತಾನಾಗಿ ಜರ್ಮನ್ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಅವರಿಗೆ, ಮಗುವೂ ಜರ್ಮನ್ ಪೌರತ್ವ ಪಡೆದರೆ ಮಗುವಿಗೂ, ಒಸಿಐ ಕಾರ್ಡ್ ಸಿಗುತ್ತದೆ. ಅದು ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್. ನಿಮ್ಮ ತಂಗಿಯ ಮೊಮ್ಮಗನಿಗೂ ಅದೇ ದಾರಿ. ವೀಸಾ ಇಲ್ಲದೆ ಬಂದು ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಓಟು ಇಲ್ಲ, ಸರ್ಕಾರಿ ಹುದ್ದೆ ಇಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ಕಾರ್ಡ್ ಪಡೆದವರು ನೀಟ್‌ನಲ್ಲಿ ಎನ್‌ಆರ್‌ಐ ಸೀಟಿಗೆ ಮಾತ್ರ ಅರ್ಹರು. ಮಕ್ಕಳನ್ನು ಇಲ್ಲಿ ಓದಿಸುವ ಯೋಚನೆ ಇರುವವರು ಇದನ್ನು ಗಮನಿಸಬೇಕು.

ತೋಟ: ಒಸಿಐ ಇರುವವರು ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ದಾನಪತ್ರದ ಮೂಲಕ ಪಡೆಯುವ ಹಾಗೂ ಇಲ್ಲ. ಹೊರಗೆ ನೆಲೆಸಿದ ಭಾರತೀಯ ಪೌರರಿಗೂ ಇದೇ ನಿಯಮ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆದರೆ ಉತ್ತರಾಧಿಕಾರವಾಗಿ ಬಂದರೆ ಅಡ್ಡಿಯಿಲ್ಲ. ನಿಮ್ಮ ನಂತರ ಪೌತಿ ಖಾತೆ ಮಗಳ ಹೆಸರಿಗೆ ಆಗಬಹುದು. ಅವರು ಮುಂದೆ ಮಾರಬೇಕಾದರೆ ಇಲ್ಲಿಯೇ ವಾಸವಿರುವ ಭಾರತದ ಪೌರರಿಗೆ ಮಾತ್ರ ಮಾರಬೇಕು. ಹಾಗಾಗಿ ಯಾರಾದರೂ ಈಗಲೇ ದಾನಪತ್ರ ಮಾಡಿಬಿಡಿ ಅಂದರೆ ಒಪ್ಪಬೇಡಿ. ಉಯಿಲು ಬರೆದಿಡಿ.

"ಮೊಮ್ಮಗಳು ದೊಡ್ಡವಳಾದ ಮೇಲೆ ಬೇಕಾದರೆ ಭಾರತದವಳಾಗಲಿ" ಎಂದು ಹಗುರ ಮಾಡುವವರಿಗೆ ಒಂದು ಮಾತು. 2024ರ ಅಕ್ಟೋಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಿಂಗಪುರದಲ್ಲಿ ಹುಟ್ಟಿದ ಒಬ್ಬ ಯುವಕನ ಅರ್ಜಿ ಒಪ್ಪಲಿಲ್ಲ. ಅವನು ಹುಟ್ಟುವ ಮೊದಲೇ ಅಪ್ಪ ಅಮ್ಮ ಆ ದೇಶದ ಪೌರರಾಗಿದ್ದರು. ಹಾಗೆ ಹೋದ ಪೌರತ್ವವನ್ನು ಮಗ 18 ದಾಟಿದ ಮೇಲೆ ಒಂದು ಘೋಷಣೆಯಿಂದ ವಾಪಸ್ ಪಡೆಯಲು ಬರುವುದಿಲ್ಲ ಎಂದಿತು. ಬಹಳಷ್ಟು ದೇಶಗಳಲ್ಲಿ ಮಗು ಹುಟ್ಟಿದ ದಿನ ಅಪ್ಪ ಅಮ್ಮ ಏನಾಗಿದ್ದರು ಎಂಬುದನ್ನೇ ಈಗ ಕಾನೂನು ಮೊದಲು ಕೇಳುತ್ತಿದೆ.

ಹೊಸನಗರ ತೋಟದಮನೆ:

ಮಗಳ ಜೊತೆ ಮಾತಾಡಿದೆ. ದೂತಾವಾಸಕ್ಕೆ ಅರ್ಜಿ ಹಾಕುತ್ತಾರೆ. ಒಂದು ತೊಡಕಿದೆಯಂತೆ. ಅವಳ ಪಾಸ್‌ಪೋರ್ಟ್‌ನಲ್ಲಿ ನನ್ನ ಹೆಸರು ಕೊನೆಗೆ ಸೇರಿದೆ, ಅಳಿಯನದರಲ್ಲಿ ಊರಿನ ಹೆಸರು. ಮಗುವಿಗೆ ಮನೆತನದ ಹೆಸರು ಯಾವುದು ಎಂದು ಜನನ ಕಚೇರಿಯವರು ಕೇಳುತ್ತಿದ್ದಾರಂತೆ.

ಸ್ಟುಟ್‌ಗಾರ್ಟ್ ಹತ್ತಿರದ ಶಿವಮೊಗ್ಗದವಳು:

ಇದು ನಮ್ಮ ಕಡೆಯವರಿಗೆಲ್ಲ ಬರುವ ತೊಡಕು ಅಂಕಲ್. ಜನನ ಪತ್ರದಲ್ಲಿ ಅಪ್ಪ ಅಮ್ಮನ ಹೆಸರು ಅವರವರ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ, ಒಂದಕ್ಷರ ಬದಲಾಗದೆ ಇರಲಿ. ಮಗುವಿನ ಹೆಸರನ್ನು ಯೋಚಿಸಿ ಒಂದೇ ಸಲ ತೀರ್ಮಾನ ಮಾಡಲಿ. ದೂತಾವಾಸದ ಅರ್ಜಿಯಲ್ಲೂ ಅದೇ ಕ್ರಮದಲ್ಲಿ ಬರೆಯಲಿ. ನಾಳೆ ಸಂಜೆ ನಾನು ಬಿಡುವಾಗಿರುತ್ತೇನೆ, ಅವರಿಗೆ ನನಗೆ ಇಲ್ಲಿ ಸಂದೇಶ ಕಳಿಸಲು ಹೇಳಿ. ನಾವು ತುಂಬಿದ ಅರ್ಜಿ ಹೇಗಿತ್ತು ಎಂದು ತೋರಿಸುತ್ತೇನೆ.